ಬಿಪಿ ಇದ್ದವರು ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಸೇರಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನನಗೆ 43 ವರ್ಷ. ಮೂರು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಸೇರುವ ಆಸೆ. ಮೆಡಿಕಲ್‌ಗೆ ಇನ್ನೆರಡು ತಿಂಗಳಿದೆ. ಬಿಪಿ ವಿಷಯ ಹೇಳಿದರೆ ಬೇಡ ಅಂದುಬಿಡುತ್ತಾರಾ? ದಿನಾ ಓಡುತ್ತೇನೆ, ಅಷ್ಟು ಸಾಕಾ?

ಉತ್ತರ 1: ಹೇಳಿಬಿಡಿ. ನಾನು ಮುಚ್ಚಿಟ್ಟು ಪೇಚಿಗೆ ಸಿಕ್ಕಿದವನು. ಫಾರಂನಲ್ಲಿ ಸುಮ್ನೆ ‘ಇಲ್ಲ’ ಅಂತ ಬರೆದೆ. ಆರು ತಿಂಗಳಾದ ಮೇಲೆ ಒಂದು ಡ್ರಿಲ್‌ನಲ್ಲಿ ಪೂರ್ತಿ ಗೇರ್ ಹಾಕಿಕೊಂಡು ಹೋಸ್ ಎಳೆಯುವಾಗ ಕಣ್ಣು ಕತ್ತಲೆ ಬಂತು. ನನ್ನದು ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ. ಅದರ ಜೊತೆಗೆ ಗೇರ್ ಒಳಗಿನ ಸೆಕೆ, ಬೆವರು. ಮೈಯಲ್ಲಿ ನೀರಿನಂಶ ತೀರಾ ಇಳಿದುಹೋಗಿತ್ತು. ಡಾಕ್ಟರ್ ಮಾತ್ರೆ ಬದಲಿಸಿದರು. ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಎಲ್ಲ ಆಯಿತು. ಮೂರು ತಿಂಗಳು ಮನೆಯಲ್ಲಿ ಕೂತೆ. ಬಿಪಿ ಹತೋಟಿಯಲ್ಲಿದೆ ಅಂತ ಕಂಡ ಮೇಲೆ ವಾಪಸ್ ತೆಗೆದುಕೊಂಡರು. ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಉತ್ತರ 2: ಈ ಕೆಲಸದಲ್ಲಿ ಸುಟ್ಟಗಾಯಕ್ಕಿಂತ ಹೃದಯಕ್ಕೆ ಹೆದರಬೇಕು. ಅಮೆರಿಕದಲ್ಲಿ ಕರ್ತವ್ಯದ ಮೇಲಿದ್ದಾಗ ಸಾಯುವ ಅಗ್ನಿಶಾಮಕರಲ್ಲಿ ಸುಮಾರು 45% ಮಂದಿಗೆ ಹೃದಯದ ಕಾಯಿಲೆಯೇ ಕಾರಣ ಎಂದು 2007ರಲ್ಲಿ ಬಂದ ಅಧ್ಯಯನ ಹೇಳಿತ್ತು. ಬೆಂಕಿ ಆರಿಸುವುದು ಅವರ ಸಮಯದ 1ರಿಂದ 5% ಮಾತ್ರ. ಆದರೆ ಹೃದಯದ ಸಾವುಗಳಲ್ಲಿ 32% ಆದದ್ದು ಅಷ್ಟು ಹೊತ್ತಿನಲ್ಲೇ. ಸ್ವಯಂಸೇವಕರ ಪಾಡಂತೂ ಗೊತ್ತಲ್ಲ, ನಡುರಾತ್ರಿ ಹಾಸಿಗೆಯಿಂದ ಎದ್ದು ನೇರ ಬೆಂಕಿಯ ಮುಂದೆ.

ಓಟ ಒಳ್ಳೆಯದೇ, ಆದರೆ ಸಾಲದು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಹಿಂದಿನ 1582 ಮಾನದಂಡದಲ್ಲಿ 12 ಮೆಟ್ ಎಂಬ ಅಳತೆ ಇತ್ತು. ಅಂದರೆ ಸುಮ್ಮನೆ ಕೂತಾಗ ಮೈ ಬಳಸುವ ಆಮ್ಲಜನಕದ 12 ಪಟ್ಟು ಬಳಸುವಷ್ಟು ದಮ್ಮು. ಭಾರ ಹೊತ್ತು ಮೆಟ್ಟಿಲು ಹತ್ತಿ ನೋಡಿ, ಆಗ ಗೊತ್ತಾಗುತ್ತೆ. ಅಲ್ಲಿ ದಳಕ್ಕೆ ಸೇರುವವರಿಗೆ ಇಡುವ ಸಿಪಿಎಟಿ ಎಂಬ ದೈಹಿಕ ಪರೀಕ್ಷೆಯಲ್ಲಿ 22.7 ಕಿಲೋ ತೂಕದ ಕೋಟು ಹಾಕಿಕೊಂಡು ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ಮೆಟ್ಟಿಲಿಗೆ ಇನ್ನೂ 11 ಕಿಲೋ ಜಾಸ್ತಿ. ಎಲ್ಲ ದಳಗಳೂ ಇದನ್ನು ಕೇಳುವುದಿಲ್ಲ, ನಿಮ್ಮ ದಳದಲ್ಲೇ ವಿಚಾರಿಸಿ. ಅಭ್ಯಾಸಕ್ಕೆ ನಾನು ಬ್ಯಾಗಿಗೆ 5 ಕಿಲೋ ತುಂಬಿ ಶುರು ಮಾಡಿದ್ದೆ. ನೀವು ಡಾಕ್ಟರ್ ಹೂಂ ಅಂದ ಮೇಲೇ ಶುರು ಮಾಡಿ.

ಉತ್ತರ 3: ನನ್ನನ್ನು ಮೊಣಕಾಲು ನೋವಿನಿಂದ ಒಳಗೆ ನುಗ್ಗುವ ತಂಡಕ್ಕೆ ಬಿಡಲಿಲ್ಲ. ಬೇಜಾರಾಗಿತ್ತು. ಈಗ ಪಂಪ್ ನೋಡಿಕೊಳ್ಳುತ್ತೇನೆ. ನೀರು ನಿಂತರೆ ಒಳಗಿದ್ದವರ ಗತಿ ಏನು ಹೇಳಿ?

ಅಂದ ಹಾಗೆ, ಗಡ್ಡ ಇದೆಯಾ? ಮಾಸ್ಕ್ ಮುಖಕ್ಕೆ ಅಂಟುವ ಜಾಗದಲ್ಲಿ ಕೂದಲಿದ್ದರೆ ಹೊಗೆ ಒಳಗೆ ಬರಬಹುದು. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತಾ ಅಂತ ನೋಡುವ ಫಿಟ್ ಟೆಸ್ಟ್‌ಗೆ ಬೋಳಿಸಿಕೊಂಡೇ ಹೋಗಬೇಕು.

ಪ್ರಶ್ನೆ ಕೇಳಿದವರು: ನಾಳೆಯೇ ಡಾಕ್ಟರ್ ಹತ್ತಿರ ಹೋಗಿ ಮಾತ್ರೆ ತೋರಿಸುತ್ತೇನೆ. ಬಿಪಿಗೇನೋ ದಾರಿ ಸಿಕ್ಕಿತು. ಗಡ್ಡ ಹದಿನೈದು ವರ್ಷದ್ದು, ಅದೇ ಈಗ ಕಷ್ಟ.