ಪದ ಬೇಕು (ತುರ್ತು): ಜಂಬೋ ಸ್ಕ್ವಿಡ್

ಬಲ್ಲವರಲ್ಲಿ ಕೇಳಿಕೆ. ಮಡಿಕೇರಿಯ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆದುಕೊಡುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ಸಂಜೆ 5ಕ್ಕೆ ಮ್ಯಾಟರ್ ಕೇಳಿದ್ದಾರೆ. ಪೆರು, ಚಿಲಿ, ಮೆಕ್ಸಿಕೊ ಕಡೆಯ ಪೆಸಿಫಿಕ್ಕಿನ ಜಂಬೋ ಸ್ಕ್ವಿಡ್ (ಡೊಸಿಡಿಕಸ್ ಗಿಗಾಸ್) ಎಂಬ ಕಡಲ ಮೃದ್ವಂಗಿಯ ವಿಷಯ. ಸದ್ಯಕ್ಕೆ ‘ದೈತ್ಯ ಸ್ಕ್ವಿಡ್’ ಅಂತ ಹಾಕಿದ್ದೇನೆ. ನಡೆಯುತ್ತದೆಯೇ? ಹಿಡಿಯುವ ‘ಜಿಗ್’ಗೂ ಒಂದು ಪದ ಕೊಡಿ.
– ಮಡಿಕೇರಿ

ನಡೆಯುವುದಿಲ್ಲ. ದೈತ್ಯ ಅಂದರೆ ಇಂಗ್ಲಿಷಿನ ಜೈಂಟ್ ಸ್ಕ್ವಿಡ್, ಆರ್ಕಿಟ್ಯೂಥಿಸ್. ಅದು ಬೇರೆ ಕುಟುಂಬ, ಆಳಸಮುದ್ರದ ಪ್ರಾಣಿ, ಯಾರೂ ಹಿಡಿದು ಮಾರುವುದಿಲ್ಲ. ನಿಮ್ಮದು ಹೆಚ್ಚೆಂದರೆ 50 ಕಿಲೋ ತೂಗುತ್ತದೆ, ಒಂದೆರಡು ವರ್ಷದಲ್ಲಿ ಆಯುಸ್ಸು ಮುಗಿಸುತ್ತದೆ, ಟನ್‌ಗಟ್ಟಲೆ ಮಾರುಕಟ್ಟೆಗೂ ಬರುತ್ತದೆ. ‘ಹೆಬ್ಬೊಂಡಾಸ್’ ಅನ್ನಿ. ಸಂಪಾಜೆ ಘಾಟಿ ಹತ್ತಿ ಮಂಗಳೂರಿನಿಂದ ಬರುವ ಮೀನಿನ ಗಾಡಿಯವರು ಸ್ಕ್ವಿಡ್ಡನ್ನು ಬೊಂಡಾಸ್ ಅಂತಲೇ ಕೂಗುವುದು. ತುಳುವಿನಲ್ಲಿ ಬೊಂಡ ಅಂದರೆ ಎಳನೀರು. ದೇಹದ ಆಕಾರ ನೋಡಿದರೆ ಹೆಸರು ಎಲ್ಲಿಂದ ಬಂತೆಂದು ತಿಳಿಯುತ್ತದೆ.
– ಸಂಪಾಜೆ

ಎಳನೀರಂತೆ! ಆ ‘ಸ್’ ಎಲ್ಲಿಂದ ಉದುರಿತು ಸ್ವಾಮಿ?

ವಿರಾಜಪೇಟೆಗೆ ಮೀನು ಬರುವುದು ಮಾಕುಟ್ಟ ದಾಟಿ, ಕಣ್ಣೂರು ಕಡೆಯಿಂದ. ಇಲ್ಲಿ ಅದು ಕೂಂದಲ್. ತಮಿಳಿನಲ್ಲಿ ಕೂಂದಲ್ ಅಂದರೆ ತಲೆಗೂದಲು, ನಮ್ಮ ಕೂದಲಿನ ಒಡಹುಟ್ಟು. 8 ತೋಳು, 2 ಉದ್ದನೆಯ ಹಿಡಿಬಳ್ಳಿ, ಎಲ್ಲವೂ ತಲೆಯಿಂದಲೇ ಇಳಿಬಿದ್ದಿರುತ್ತವೆ. ಕನ್ನಡದ್ದೇ ಬೇರು ಸಿಕ್ಕಿರುವಾಗ ‘ಸ್ಕ್ವಿ’ ಎಂಬ ಮೂರು ಅಂತಸ್ತಿನ ಒತ್ತಕ್ಷರ ಮಕ್ಕಳಿಗೇಕೆ? ‘ಹೆಗ್ಗೂಂದಲ್’.
– ವಿರಾಜಪೇಟೆ

ಪಠ್ಯಪುಸ್ತಕದಲ್ಲಿ ‘ಶಿರಪಾದಿ’ ಇದೆ. ಬೃಹತ್ ಶಿರಪಾದಿ. ಚರ್ಚೆ ಅನಗತ್ಯ.
– ಮೈಸೂರು

ಶಿರಪಾದಿ ಇಡೀ ವರ್ಗದ ಹೆಸರು. ಆಕ್ಟೋಪಸ್ಸೂ ಶಿರಪಾದಿ, ಕಟಲ್ ಫಿಶ್ಶೂ ಶಿರಪಾದಿ. ಕಾಗೆಗೆ ‘ಪಕ್ಷಿ’ ಅಂತ ಬೋರ್ಡು ಹಾಕಿದ ಹಾಗಾಯಿತು. ಬೊಂಡಾಸ್ ಶುಚಿ ಮಾಡಿದವರಿಗೆ ಗೊತ್ತು: ಒಳಗೆ ಕೈ ಹಾಕಿ ಎಳೆದರೆ ಪ್ಲಾಸ್ಟಿಕ್ ಪಟ್ಟಿಯಂಥ ತಿಳಿಯಾದ ಕಡ್ಡಿ ಬರುತ್ತದೆ. ಕಟಲ್ ಫಿಶ್ಶಿನಲ್ಲಿ ಬರುವುದು ಸುಣ್ಣದ ಬಿಳಿ ಓಡು. ಅಡುಗೆಮನೆಯಲ್ಲಿ ತಿಳಿಯುವ ಈ ವ್ಯತ್ಯಾಸ ನಿಮ್ಮ ಪದದಲ್ಲಿ ಇಲ್ಲ.
– ಸಂಪಾಜೆ

ಅರಬ್ಬಿ ಸಮುದ್ರದ ಹೆಸರನ್ನು ಪೆರುವಿನ ಪ್ರಾಣಿಗೆ ಅಂಟಿಸುವುದು ಅಶಾಸ್ತ್ರೀಯ.
– ಮೈಸೂರು

ಹೌದೇ? ಪೆರುವಿನವರು ಅದನ್ನು ಪೋತ ಅನ್ನುತ್ತಾರೆ, ಚಿಲಿಯವರು ಹಿಬಿಯಾ. ಸ್ಪೇನಿನಲ್ಲಿ ಹಿಬಿಯಾ ಎಂದರೆ ಕಟಲ್ ಫಿಶ್! ಮನೆಯ ಹೆಸರನ್ನೇ ಹೊತ್ತುಹೋಗಿ ಹೊಸ ಪ್ರಾಣಿಗೆ ಇಟ್ಟರು. ಅವರಿಗೆ ಆಗುವುದು ನಮಗೆ ಆಗಬಾರದೇ?
– ವಿರಾಜಪೇಟೆ

ಹಾಗಾದರೆ ಸ್ಕ್ವಿಡ್ಡೇ ಇರಲಿ ಬಿಡಿ. ಚಾವಿ, ಅನಾನಸು ಪೋರ್ಚುಗೀಸರದು, ಯಾರೂ ವಾಪಸ್ ಕೊಟ್ಟಿಲ್ಲ. ತೋಟದ ಕಾಫಿಗೆ ಅಚ್ಚಗನ್ನಡ ಹುಡುಕುತ್ತಾ ಕೂತಿದ್ದರೆ ಕೊಯ್ಲು ಮುಗಿದುಹೋಗುತ್ತಿತ್ತು.
– ಗೋಣಿಕೊಪ್ಪ

ಕಾಫಿ ಬಂದಾಗ ಇಲ್ಲಿ ಅದಕ್ಕೆ ಹೆಸರಿರಲಿಲ್ಲ. ಇದಕ್ಕೆ ಎರಡಿದೆ. ಇರುವುದನ್ನು ಬಿಟ್ಟು ಎರವಲು ತರುವುದು ಸೋಮಾರಿತನ.
– ವಿರಾಜಪೇಟೆ

ದಯವಿಟ್ಟು ಜಿಗ್ ಬಗ್ಗೆ ಹೇಳಿ, ಗಂಟೆ 4 ಆಯಿತು. ‘ಗಾಳ’ ಸಾಕೇ?
– ಮಡಿಕೇರಿ

ಸಾಲದು. ಗಾಳಕ್ಕೆ ಎರೆ ಬೇಕು, ಜಿಗ್‌ಗೆ ಎರೆಯಿಲ್ಲ. ಹೊಳೆಯುವ ಕಡ್ಡಿ, ಅದರ ಸುತ್ತ ಕೊಕ್ಕೆಗಳ ಬಳೆ. ಹಗಲು ನೂರಾರು ಮೀಟರ್ ಆಳದಲ್ಲಿರುವ ಪ್ರಾಣಿ ಇರುಳು ಮೇಲಕ್ಕೆ ಬರುತ್ತದೆ. ಆಗ ಹಡಗಿನವರು ಪ್ರಖರ ದೀಪ ಹಾಕಿ, ಜಿಗ್‌ಗಳ ಸಾಲನ್ನು ಇಳಿಬಿಟ್ಟು, ಜಗ್ಗಿ ಜಗ್ಗಿ ಮೇಲೆತ್ತುತ್ತಾರೆ. ಚೀನಾದ ಹಡಗುಗಳು ಆ ದೇಶಗಳ ಮೀನುಗಾರಿಕೆ ಹಕ್ಕಿನ ಗಡಿಯಾದ 200 ನಾಟಿಕಲ್ ಮೈಲಿಯಾಚೆ ಮಾಡುವುದೂ ಇದನ್ನೇ. ‘ಜಗ್ಗುಗಾಳ’ ಅನ್ನಿ.
– ಸಂಪಾಜೆ

ಜಗ್ಗುಗಾಳಕ್ಕೆ ನನ್ನ ತಕರಾರಿಲ್ಲ. ಬೊಂಡಾಸ್‌ಗೆ ಇದೆ.
– ವಿರಾಜಪೇಟೆ

‘ಹೆಬ್ಬೊಂಡಾಸ್ (ಜಂಬೋ ಸ್ಕ್ವಿಡ್)’ ಅಂತ ಕಳಿಸಿದೆ. ಕೂಂದಲ್ ಕೆಳಗೆ ಸಣ್ಣಕ್ಷರದಲ್ಲಿದೆ.
– ಮಡಿಕೇರಿ

ಸಣ್ಣಕ್ಷರ ಯಾಕೆ?
– ವಿರಾಜಪೇಟೆ