ಕ್ಯಾನಿಸ್ಟರ್ ತೆಗೆದ ಕಾರಿನಲ್ಲಿ ಎಂಜಿನ್ ತೊಂದರೆ: ನಿಮ್ಮ ಅನುಭವ ಹೇಳಿ

ಪ್ರಶ್ನೆ, ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತೆಗೆದುಕೊಂಡೆ. ಬಿಎಸ್4 (ಬಿಎಸ್6ಕ್ಕೂ ಮುಂಚಿನ ಹೊಗೆ ನಿಯಮದ) ಗಾಡಿ. ಬಾನೆಟ್ ಎತ್ತಿ ನೋಡಿದರೆ ಪೆಟ್ರೋಲ್ ಆವಿ ಹಿಡಿದಿಡುವ ಕಪ್ಪು ಡಬ್ಬ, ಅದೇ ಚಾರ್ಕೋಲ್ ಕ್ಯಾನಿಸ್ಟರ್, ಜಾಗದಲ್ಲೇ ಇಲ್ಲ. ಹಳೇ ಮಾಲೀಕರನ್ನು ಕೇಳಿದೆ. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬರುತ್ತಿತ್ತಂತೆ. ಇದನ್ನು ತೆಗೆದರೆ ವಾಸನೆ ಹೋಗುತ್ತೆ, ಮೈಲೇಜೂ ಬರುತ್ತೆ ಅಂತ ಗ್ಯಾರೇಜಿನವರು ತೆಗೆದುಬಿಟ್ಟರಂತೆ. ಟ್ಯಾಂಕಿನಿಂದ ಬರುವ ಪೈಪಿನ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದಾರೆ. ಆ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವೂ ಇಲ್ಲ, ಅದರ ವೈರಿನ ಕನೆಕ್ಟರ್ ಸುಮ್ನೆ ನೇತಾಡುತ್ತಿದೆ. ಎಂಜಿನ್ ಕಡೆಯ ಪೈಪಿಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ.

ಈಗ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಒಂದೇ ಕಡೆ ನಿಲ್ಲುತ್ತಿಲ್ಲ. 1,300 ಆರ್‌ಪಿಎಂಗೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಊರೊಳಗೆ ಹೇಗೋ ನಡೆಯುತ್ತೆ. ಹೈವೇಯಲ್ಲಿ ಶಿರಾ ದಾಟುವಷ್ಟರಲ್ಲಿ ಪಿಕಪ್ ಸತ್ತು, ಜರ್ಕ್ ಹೊಡೆದು, ಆಫ್ ಆಗುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತೆ. ಚೆಕ್ ಲೈಟ್ ಅಂತೂ ಯಾವಾಗಲೂ ಉರಿಯುತ್ತೆ. ಒಬ್ಬ ಮೆಕ್ಯಾನಿಕ್ ಪಂಪ್ ಹೋಗಿದೆ ಅಂತಾರೆ, ಇನ್ನೊಬ್ಬರು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬದಲಾಯಿಸಿ ಅಂತಾರೆ. ಎರಡಕ್ಕೂ ದುಡ್ಡು ಹಾಕುವ ಮೊದಲು ಅನುಭವ ಇದ್ದವರು ದಯವಿಟ್ಟು ಹೇಳಿ.

ದಾವಣಗೆರೆಯಿಂದ, ಗ್ಯಾರೇಜ್ ನಡೆಸುವವರು

ಸಾರ್, ಎರಡನ್ನೂ ಈಗಲೇ ಬದಲಾಯಿಸಬೇಡಿ. ನಿಮ್ಮ ಗಾಡಿಯಲ್ಲಿ ಇರುವುದು ಒಂದು ತೊಂದರೆ ಅಲ್ಲ, ಎರಡು. ಎರಡೂ ಆ ಕಿತ್ತ ಡಬ್ಬದಿಂದಲೇ ಹುಟ್ಟಿದವು. ಟ್ಯಾಂಕು ಉಸಿರಾಡಬೇಕು, ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಕಳ್ಳಗಾಳಿ ಎಳೆಯಬಾರದು. ನಿಮ್ಮಲ್ಲಿ ಅದು ಸರಿಯಾಗಿ ತಿರುಗುಮುರುಗಾಗಿದೆ.

ಮೊದಲು ಹೈವೇ ವಿಷಯ. ಪಂಪು ಪೆಟ್ರೋಲ್ ಎಳೆದ ಹಾಗೆಲ್ಲ ಟ್ಯಾಂಕಿನೊಳಗೆ ಅಷ್ಟೇ ಗಾಳಿ ಬರಬೇಕು. ಆ ಗಾಳಿ ಬರುತ್ತಿದ್ದದ್ದು ಕ್ಯಾನಿಸ್ಟರ್ ಮೂಲಕ. ಈಗ ಅಲ್ಲಿ ಬೋಲ್ಟ್ ಕೂತಿದೆ. ಒಂದೇ ತೂತು ಮಾಡಿದ ಎಣ್ಣೆ ಡಬ್ಬ ಬಗ್ಗಿಸಿದರೆ ಎಣ್ಣೆ ತಡೆತಡೆದು ಬೀಳುತ್ತಲ್ಲ, ಹಾಗೇ ಆಗಿದೆ. ಬಹಳಷ್ಟು ಟ್ಯಾಂಕ್ ಕ್ಯಾಪಿನಲ್ಲಿ ಗಾಳಿ ಒಳಗೆ ಬಿಡುವ ಒಂದು ಸಣ್ಣ ವಾಲ್ವ್ ಇರುತ್ತೆ. ಆದರೆ ಹಳೇ ಕ್ಯಾಪಿನಲ್ಲಿ ಧೂಳು ಕೂತು ಅದು ಅಂಟಿಕೊಂಡಿರುತ್ತೆ. ಊರೊಳಗೆ ಪೆಟ್ರೋಲ್ ನಿಧಾನವಾಗಿ ಖರ್ಚಾಗುತ್ತೆ, ಹಾಗಾಗಿ ಗೊತ್ತಾಗುವುದಿಲ್ಲ. ಹೈವೇಯಲ್ಲಿ ಬೇಗ ಖರ್ಚಾಗುತ್ತೆ, ಟ್ಯಾಂಕಿನಲ್ಲಿ ವ್ಯಾಕ್ಯೂಮ್ ಕೂರುತ್ತೆ, ಪಂಪು ಒದ್ದಾಡುತ್ತೆ.

ಪರೀಕ್ಷೆ ಸುಲಭ. ಗಾಡಿ ಆಫ್ ಆದ ತಕ್ಷಣ, ಪಕ್ಕಕ್ಕೆ ನಿಲ್ಲಿಸಿ, ಪೆಟ್ರೋಲ್ ಕ್ಯಾಪ್ ನಿಧಾನವಾಗಿ ತಿರುಗಿಸಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಕೂಡಲೇ ಸ್ಟಾರ್ಟ್ ಆಗಿ ಚೆನ್ನಾಗಿ ಓಡಿದರೆ ಪಂಪಿನ ತಪ್ಪೇನಿಲ್ಲ. ಆದರೆ ಹೀಗೇ ಓಡಿಸುತ್ತಿದ್ದರೆ ಪಂಪು ನಿಜಕ್ಕೂ ಹೋಗುತ್ತೆ. ಪ್ಲಾಸ್ಟಿಕ್ ಟ್ಯಾಂಕ್ ಒಳಕ್ಕೆ ಕುಗ್ಗಿದ್ದನ್ನೂ ನೋಡಿದ್ದೇನೆ. ಬಿಸಿಲಿಗೆ ನಿಲ್ಲಿಸಿದಾಗ ಇದರ ಉಲ್ಟಾ. ಆವಿ ಹೊರಗೆ ಹೋಗಲು ದಾರಿ ಇಲ್ಲದೆ ಒತ್ತಡ ಏರುತ್ತೆ. ಆಗ ಕ್ಯಾಪ್ ಒಮ್ಮೆಗೇ ತೆಗೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮಬಹುದು. ಹುಷಾರು.

ಇನ್ನು ಐಡಲ್. ಟೇಪ್ ಸುತ್ತಿದ ಪೈಪ್ ಥ್ರಾಟಲ್ ಆದಮೇಲೆ ಮ್ಯಾನಿಫೋಲ್ಡಿಗೆ ಸೇರುತ್ತೆ. ಅಲ್ಲಿ ಎಳೆತ ಜೋರು. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಗಾಳಿ ನುಗ್ಗುತ್ತಿರುತ್ತೆ. ಎಂಜಿನ್ ಓಡುವಾಗ ಆ ರಬ್ಬರ್ ಪೈಪನ್ನು ಮ್ಯಾನಿಫೋಲ್ಡ್ ಹತ್ತಿರ ಬಟ್ಟೆ ಸುತ್ತಿದ ಇಕ್ಕಳದಿಂದ ಅದುಮಿ ಹಿಡಿಯಿರಿ. ಐಡಲ್ ಕೂಡಲೇ 700-800ಕ್ಕೆ ಇಳಿದು ನಿಂತರೆ ಮುಗೀತು, ಥ್ರಾಟಲ್ ಬಾಡಿ ಮುಟ್ಟುವ ಅಗತ್ಯ ಇಲ್ಲ. ಫ್ಯಾನ್ ಮತ್ತು ಬೆಲ್ಟ್ ಕಡೆ ಕೈ ಹೋಗದ ಹಾಗೆ ನೋಡಿಕೊಳ್ಳಿ. ಲೀಕ್ ಹುಡುಕಲು ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ದಾರಿ. ಅದುಮುವುದೇ ಸಾಕು.

ಗಾಡಿಯ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಒಂದು ವಿಷಯ ನೆನಪಿರಲಿ. ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಗಾಡಿಯಲ್ಲಿ ಈ ಕಳ್ಳಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ಅದು ತೆಳುವಾಗುತ್ತೆ. ಐಡಲ್‌ನಲ್ಲಿ ಫ್ಯುಯಲ್ ಟ್ರಿಮ್, ಅಂದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನು ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ, ಪ್ಲಸ್ ಶೇಕಡ 20 ದಾಟಬಹುದು, 2,500 ಆರ್‌ಪಿಎಂಗೆ ಏರಿಸಿದರೆ ಕೆಳಗಿಳಿಯುತ್ತೆ. ಮಿಶ್ರಣ ತೆಳು ಅನ್ನುವ ಪಿ0171 ಕೋಡ್ ಬರುತ್ತೆ. ಆದರೆ ನಮ್ಮ ಕಡೆಯ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಇರುವುದು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಗಾಳಿ ನುಗ್ಗಿದರೆ ಒತ್ತಡ ಏರುತ್ತೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಡುತ್ತೆ. ಟ್ರಿಮ್ ಹೆಚ್ಚುಕಮ್ಮಿ ಸರಿಯಾಗೇ ಕಾಣುತ್ತೆ, ಐಡಲ್ ಮಾತ್ರ ಏರಿರುತ್ತೆ. ಟ್ರಿಮ್ ಸರಿ ಇದೆ, ಹಾಗಾಗಿ ಲೀಕ್ ಇಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮಗೆ ಥ್ರಾಟಲ್ ಬಾಡಿ ಬದಲಾಯಿಸಿ ಅಂದವರು ಹೀಗೇ ನೋಡಿರಬೇಕು.

ಚೆಕ್ ಲೈಟ್ ಬಹುಶಃ ಪಿ0443 ಅಥವಾ ಪಿ0444. ನೇತಾಡುವ ಕನೆಕ್ಟರ್ ಅದಕ್ಕೆ ಕಾರಣ, ಇಸಿಯುಗೆ ವಾಲ್ವಿನ ಕಾಯಿಲ್ ಸಿಗುತ್ತಿಲ್ಲ. ಅಲ್ಲಿ ರೆಸಿಸ್ಟರ್ ಹಾಕಿ ಲೈಟ್ ಆರಿಸಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಬೇಡ. ಹಾಗೆ ಮಾಡಿದರೆ ಲೈಟ್ ಆರುತ್ತೆ, ಟ್ಯಾಂಕಿಗೆ ಉಸಿರು ಬರುವುದಿಲ್ಲ.

ನನ್ನ ಸಲಹೆ, ಇದ್ದದ್ದನ್ನು ಇದ್ದ ಹಾಗೆ ಕೂರಿಸಿ. ನಿಮ್ಮದೇ ಮಾಡೆಲ್‌ನ ಕ್ಯಾನಿಸ್ಟರ್, ಪರ್ಜ್ ವಾಲ್ವ್, ಪೈಪು. ಪೈಪಿಗೆ ನೀರಿನ ಹೋಸ್ ಹಾಕಬೇಡಿ, ಪೆಟ್ರೋಲಿಗೆಂದೇ ಬರುವುದನ್ನು ಕೇಳಿ. ಶೇಕಡ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರಲ್ಲ, ಈಗ ಬಂಕಿನಲ್ಲಿ ಹಾಕಿಸುವುದು ಅದನ್ನೇ. ಎಥೆನಾಲ್‌ಗೆ ತಡೆಯದ ಹಳೇ ರಬ್ಬರ್ ಬೇಗ ಸೀಳುತ್ತೆ.

ಮಂಗಳೂರಿನಿಂದ

ಕ್ಯಾನಿಸ್ಟರ್ ಗುಜರಿಯಲ್ಲಿ ಹುಡುಕುವ ಯೋಚನೆ ಇದ್ದರೆ ಇದನ್ನು ಓದಿ. ನಮ್ಮ ಕಾರಿನಲ್ಲಿ ಯಾರೂ ಏನೂ ಕಿತ್ತಿರಲಿಲ್ಲ, ಆದರೂ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ಮಾತ್ರ ಸ್ಟಾರ್ಟಿಂಗ್ ಟ್ರಬಲ್. ಸೆಲ್ಫ್ ಹೊಡೆದೇ ಹೊಡೆಯಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮಿಸ್ಸಿಂಗ್ ಹೊಡೆಯುತ್ತ ಏಳುತ್ತಿತ್ತು, ಜೊತೆಗೆ ಗಮ್ಮೆಂದು ಪೆಟ್ರೋಲ್ ವಾಸನೆ.

ಪರ್ಜ್ ವಾಲ್ವ್ ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿದೆ. ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಉದುರಿದವು. ಬೆರಳಲ್ಲಿ ಉಜ್ಜಿದರೆ ಇದ್ದಿಲು. ಕ್ಯಾನಿಸ್ಟರ್ ಒಳಗಿನ ಫಿಲ್ಟರ್ ಹರಿದು ಚಾರ್ಕೋಲ್ ಹೊರಗೆ ಬಂದಿತ್ತು. ಒಂದು ಹರಳು ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಕರೆಂಟ್ ಇಲ್ಲದಾಗ ಈ ವಾಲ್ವ್ ಮುಚ್ಚಿರಬೇಕು. ಎಂಜಿನ್ ಬಿಸಿಯಾಗಿ ಓಟದಲ್ಲಿರುವಾಗ ಇಸಿಯು ಬಿಟ್ಟುಬಿಟ್ಟು ತೆರೆದು ಆವಿಯನ್ನು ಎಂಜಿನ್ನಿಗೆ ಕೊಡುತ್ತೆ. ನಮ್ಮದರಲ್ಲಿ ಟ್ಯಾಂಕ್ ತುಂಬಿಸಿದಾಗ ಎದ್ದ ಆವಿಯೆಲ್ಲ ನೇರ ಮ್ಯಾನಿಫೋಲ್ಡಿಗೆ ಹೋಗಿ ಕೂತಿರುತ್ತಿತ್ತು.

ಹಾಗಾಗಿ ಹಳೇ ವಾಲ್ವ್ ತಂದರೆ ಮೊದಲು ಊದಿ ನೋಡಿ. ಸ್ವಚ್ಛವಾದ ಪೈಪ್ ಸಿಕ್ಕಿಸಿಯೇ ಊದಿ, ಪೆಟ್ರೋಲ್ ಅಂಶ ಬಾಯಿಗೆ ಒಳ್ಳೆಯದಲ್ಲ. ಗಾಳಿ ಹೋಗಬಾರದು. 12 ವೋಲ್ಟ್ ಕೊಟ್ಟಾಗ ಟಕ್ ಅನ್ನಬೇಕು, ಆಗ ಗಾಳಿ ಹೋಗಬೇಕು. ಇದನ್ನು ಎಂಜಿನ್ನಿನಿಂದ ದೂರ, ಹೊರಗೆ ಮಾಡಿ. ಕ್ಯಾನಿಸ್ಟರ್ ಕೈಯಲ್ಲಿ ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ, ಅಥವಾ ಪೆಟ್ರೋಲ್ ತೊಟ್ಟಿಕ್ಕಿದರೆ ಅಲ್ಲೇ ಬಿಟ್ಟು ಬನ್ನಿ.

ಇನ್ನೊಂದು ಮಾತು. ಬಂಕಿನಲ್ಲಿ ನಾಜಲ್ ಕಟ್ ಆದಮೇಲೆ ರೌಂಡ್ ಫಿಗರ್‌ಗೋಸ್ಕರ ಮತ್ತೆ ಮತ್ತೆ ಒತ್ತಿಸಬೇಡಿ. ಕ್ಯಾನಿಸ್ಟರ್ ಇರುವುದು ಆವಿಗೆ. ದ್ರವ ಪೆಟ್ರೋಲ್ ಒಳಗೆ ಹೋದರೆ ಚಾರ್ಕೋಲ್ ನೆನೆದು ಹಾಳಾಗುತ್ತೆ.

ಮೈಸೂರಿನಿಂದ

ನಮ್ಮ ಮನೆಯಲ್ಲಿ ಕಾರ್ಬ್ಯುರೇಟರ್ ಕಾಲದ ಮಾರುತಿ 800 ಇನ್ನೂ ಇದೆ. ಅದರಲ್ಲಿ ಇಸಿಯು ಇಲ್ಲ, ವ್ಯಾಕ್ಯೂಮಿನಲ್ಲೇ ಎಲ್ಲ ನಡೆಯುತ್ತೆ. ಒಬ್ಬರು ಮೈಲೇಜಿಗೆ ಅಂತ ಟ್ಯಾಂಕಿನ ಆವಿ ಪೈಪನ್ನು ನೇರ ಇನ್‌ಟೇಕಿಗೆ ಕೊಟ್ಟಿದ್ದರು. ಬೆಳಗ್ಗೆ ತಣ್ಣಗಿದ್ದಾಗ ಸರಿ, ಮಧ್ಯಾಹ್ನದ ಬಿಸಿಲಿಗೆ ಟ್ರಾಫಿಕ್‌ನಲ್ಲಿ ನಿಂತರೆ ಕಪ್ಪು ಹೊಗೆ, ಆಫ್. ಆವಿಯ ಪ್ರಮಾಣ ಬಿಸಿಲಿನ ಮೇಲೆ ನಿಂತಿರುತ್ತೆ, ಅದನ್ನು ನಂಬಿ ಮಿಶ್ರಣ ಹೊಂದಿಸಲು ಆಗುವುದಿಲ್ಲ. ಉಳಿಸಬಹುದಾದ ಪೆಟ್ರೋಲನ್ನು ಕ್ಯಾನಿಸ್ಟರೇ ಆಗಲೇ ಎಂಜಿನ್ನಿಗೆ ಕೊಡುತ್ತಿದೆ. ತೆಗೆದರೆ ಅದೂ ಗಾಳಿಪಾಲು, ಮೈಲೇಜ್ ಹೇಗೆ ಜಾಸ್ತಿಯಾಗುತ್ತೆ ಹೇಳಿ?

ಕ್ಯಾಲಿಫೋರ್ನಿಯಾದಲ್ಲಿರುವ ಹಾಸನದವರು

ಇಲ್ಲಿ 1970ರ ಮಾಡೆಲ್‌ನಿಂದಲೇ ಆವಿ ತಡೆಯುವ ವ್ಯವಸ್ಥೆ ಕಡ್ಡಾಯವಾಯಿತು. ಕ್ಯಾನಿಸ್ಟರ್ ಇಲ್ಲದ ಗಾಡಿ ಇಲ್ಲಿನ ಹೊಗೆ ತಪಾಸಣೆಯಾದ ಸ್ಮಾಗ್ ಚೆಕ್‌ನಲ್ಲಿ ಕಣ್ಣಿಗೆ ಬಿದ್ದರೆ ಫೇಲ್. ಇಲ್ಲಿನ ಕಾರುಗಳು ಅರ್ಧ ಮಿಲಿಮೀಟರ್ ತೂತನ್ನೂ ಹಿಡಿದು ಚೆಕ್ ಲೈಟ್ ಹಾಕುತ್ತವೆ, ಪೆಟ್ರೋಲ್ ಕ್ಯಾಪ್ ಸಡಿಲ ಬಿಟ್ಟರೂ ಸಾಕು. ನಮ್ಮೂರಲ್ಲಿ ಪಿಯುಸಿ ಮಾಡುವಾಗ ಸೈಲೆನ್ಸರ್ ಹೊಗೆ ಮಾತ್ರ ನೋಡುತ್ತಾರೆ, ಟ್ಯಾಂಕಿನ ಆವಿ ಯಾರೂ ನೋಡುವುದಿಲ್ಲ. ಅದಕ್ಕೇ ಇಂಥ ಕೆಲಸ ಇಷ್ಟು ಸಲೀಸಾಗಿ ನಡೆಯುತ್ತೆ. ಅಂತರ್ಜಾಲದಲ್ಲಿ ಓದುವಾಗ ಇಲ್ಲಿನ ಕಾರುಗಳ ಆವಿ ಲೀಕ್ ತಿಳಿಸುವ ಪಿ0442, ಪಿ0455 ಕೋಡ್ ಹಿಡಿದು ಹುಡುಕಬೇಡಿ. ಅಲ್ಲಿನ ಬಿಎಸ್4 ಗಾಡಿಗಳಲ್ಲಿ ಸಾಮಾನ್ಯವಾಗಿ ಲೀಕ್ ಹಿಡಿಯುವ ಸೆನ್ಸರೇ ಇರುವುದಿಲ್ಲ.

ತುಮಕೂರಿನಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾಪ್ ತೆಗೆದಾಗ ಬುಸ್ ಅಂದಿದ್ದು ಪಕ್ಕದಲ್ಲಿ ನಿಂತ ತಮ್ಮನಿಗೂ ಕೇಳಿಸಿತು, ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಪೈಪ್ ಅದುಮಿದರೆ ಐಡಲ್ ಸೀದಾ ಕೆಳಗಿಳಿದು ನಿಂತಿತು. ಈಗ ಹೊಸ ವಾಲ್ವ್, ಹೊಸ ಕ್ಯಾನಿಸ್ಟರ್, ಹೊಸ ಪೈಪ್ ಹಾಕಿಸಿದ್ದೇನೆ. ಕೋಡ್ ಅಳಿಸಿದ ಮೇಲೆ ಲೈಟ್ ಮತ್ತೆ ಬಂದಿಲ್ಲ. ಚಿತ್ರದುರ್ಗದವರೆಗೂ ಆರಾಮಾಗಿ ಹೋಗಿ ಬಂದೆ. ಒಂದೇ ಚಿಂತೆ, ಟ್ಯಾಂಕ್ ತುಂಬಿಸಿದ ದಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಪೆಟ್ರೋಲ್ ವಾಸನೆ ಬರುತ್ತಿದೆ. ಹಳೇ ಮಾಲೀಕರು ಹೇಳಿದ್ದು ಇದೇ ವಾಸನೆ ಇರಬೇಕು ಅಲ್ವಾ?

ದಾವಣಗೆರೆಯಿಂದ

ಅದೇ ಸಾರ್. ಹಿಂದೆ ಮಾತ್ರ ಬರುತ್ತೆ, ಟ್ಯಾಂಕ್ ತುಂಬಿದಾಗ ಮಾತ್ರ ಬರುತ್ತೆ ಅಂದರೆ ನನಗೆ ಅನುಮಾನ ಪಂಪಿನ ಮುಚ್ಚಳದ ರಬ್ಬರ್ ರಿಂಗ್ ಮೇಲೆ. ಬಹಳ ಕಾರುಗಳಲ್ಲಿ ಅದು ಹಿಂದಿನ ಸೀಟಿನ ಕೆಳಗೇ ಇರುತ್ತೆ. ಸೀಟಿನ ಕುಶನ್ ಎತ್ತಿ, ತಗಡಿನ ಮುಚ್ಚಳ ತೆಗೆದು, ಪಂಪಿನ ಸುತ್ತ ಧೂಳು ಒದ್ದೆಯಾಗಿದೆಯಾ ನೋಡಿ. ಒದ್ದೆ ಇದ್ದರೆ ಬಹುಶಃ ರಿಂಗ್ ಹೋಗಿದೆ. ಅದನ್ನು ಬಿಚ್ಚುವ ಕೆಲಸ ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ, ಬ್ಯಾಟರಿಯ ನೆಗೆಟಿವ್ ತೆಗೆದು, ನಾಲ್ಕೂ ಬಾಗಿಲು ತೆರೆದಿಟ್ಟು ಮಾಡಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗಾಡಿಯ ತಳದಲ್ಲೇ ನಿಲ್ಲುತ್ತೆ. ಮುಚ್ಚಳ ಕೂರಿಸುವಾಗ ಹಳೇ ರಿಂಗಿಗೇ ಎಂ-ಸೀಲ್ ಮೆತ್ತಲು ಬಿಡಬೇಡಿ, ಹೊಸದನ್ನೇ ಹಾಕಿಸಿ.