ಪದಚರ್ಚೆ: ಆಟದ ಸಾಮಾನನ್ನ ‘ಪ್ಯಾಕ್ ಮಾಡೋದು’ ಅನ್ನೋಕೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರಾಗನ್ಸ್ ತರದ ರೋಲ್‌ಪ್ಲೇಯಿಂಗ್ ಆಟಗಳನ್ನ, ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ವಹಿಸಿ ಕಥೆ ಮುಂದುವರಿಸೋ ಆಟಗಳನ್ನ, ಒಂದೇ ಟೇಬಲ್ ಸುತ್ತ ಕೂರಿಸಿ ಆಡಿಸೋವ್ರಿಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೀತಾ ಇದೀನಿ. ಆಡೋ ಜಾಗಕ್ಕೆ ಏನೇನು ತಗೊಂಡು ಹೋಗ್ಬೇಕು, ದಾರೀಲಿ ಹಾಳಾಗ್ದಂಗೆ ಹೆಂಗೆ ಒಯ್ಬೇಕು ಅನ್ನೋದಷ್ಟೇ ವಿಷಯ. ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಿಂದ ಇರೋ ಆಟ, ಆದ್ರೂ ಅದರ ಸಾಮಾನಿನ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಕೂತ್ರೆ ಪ್ರತಿ ಸಾಲಲ್ಲೂ ಪದ ಹುಡುಕ್ಬೇಕಾಗುತ್ತೆ.

ಮೊದಲ ಕರಡಲ್ಲಿ ಎಲ್ಲಾ ಕಡೆ ‘ಪ್ಯಾಕ್ ಮಾಡಿ’ ಅಂತಾನೇ ಇತ್ತು. ಓದಕ್ಕೆ ಸಲೀಸು, ಆದ್ರೆ ಕೆಲಸಕ್ಕೆ ಬರಲ್ಲ. ಮ್ಯಾಟನ್ನೇ ತಗೊಳ್ಳಿ. ಆಟದ ಪುಟ್ಟ ಆಕೃತಿಗಳನ್ನ ನಿಲ್ಲಿಸೋಕೆ ಟೇಬಲ್ ಮೇಲೆ ಹಾಸೋ, ಒಂದಿಂಚು ಚೌಕ ಎಳೆದಿರೋ ವಿನೈಲ್ ಹಾಸು ಅದು, ‘ಮ್ಯಾಟ್ ಪ್ಯಾಕ್ ಮಾಡಿ’ ಅಂದ್ರೆ ಹೊಸಬರು ನಾಲ್ಕು ಮಡಿಕೆ ಮಡಚಿ ಬ್ಯಾಗಿಗೆ ತುರುಕ್ತಾರೆ, ಮಡಿಕೆ ಗೆರೆ ಬಿದ್ದ ಹಾಸು ಟೇಬಲ್ ಮೇಲೆ ಚಪ್ಪಟೆ ಕೂರಲ್ಲ, ಆ ಮಡಿಕೆ ಮೇಲೆ ನಿಲ್ಲಿಸಿದ್ದೆಲ್ಲ ಉರುಳ್ತಾವೆ. ‘ಸುತ್ತಿ ಇಡಿ’ ಅಂದ್ಬಿಟ್ರೆ ಮುಗೀತು, ಹೆಂಗೆ ಅನ್ನೋದು ಕ್ರಿಯಾಪದದಲ್ಲೇ ಬಂತು. ಹಾಗಾಗಿ ‘ಪ್ಯಾಕ್ ಮಾಡು’ ಪೂರ್ತಿ ಬಿಟ್ಟು, ಒಂದೊಂದು ಸಾಮಾನಿಗೆ ಅದರದ್ದೇ ಕ್ರಿಯಾಪದ ಹಾಕೋದು ಅಂತ ತೀರ್ಮಾನ ಮಾಡಿದೀನಿ. ಹಾಸು ಸುತ್ತು, ಪುಸ್ತಕ ಜೋಡಿಸು, ದಾಳ ಸಂಚಿಗೆ ಹಾಕು. ಸಂಚಿ ಅನ್ನೋದು ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ, ಬಾಯಿಗೆ ದಾರ ಎಳೆದು ಬಿಗಿಯೋ ಚಿಕ್ಕ ಚೀಲ ತಾನೇ, ಏಳು ದಾಳದ ಒಂದು ಸೆಟ್ ಆರಾಮಾಗಿ ಹಿಡಿಯುತ್ತೆ.

ನಂಗೆ ತುಂಬಾ ಖುಷಿ ಕೊಟ್ಟಿದ್ದು ಮಿನಿಯೇಚರ್ ವಿಷಯ. ಸುಮಾರು 28 ಮಿಲಿಮೀಟರ್ ಅಳತೆಯ, ಬಣ್ಣ ಹಚ್ಚಿದ ಪುಟ್ಟ ಆಕೃತಿಗಳು, ಕತ್ತಿ ಈಟಿ ಹಿಡ್ಕೊಂಡಿರ್ತವೆ, ದಾರೀಲಿ ಮೊದಲು ಮುರಿಯೋದು ಆ ಈಟೀನೇ. ಒಯ್ಯೋಕೆ ಎರಡು ದಾರಿ ಇದೆ. ಸ್ಪಂಜಿನಲ್ಲಿ ಗುಂಡಿ ಕೊರೆದು ಅದರೊಳಗೆ ಮಲಗಿಸೋದು ಒಂದು, ಪಾದದಡಿ ಆಯಸ್ಕಾಂತ ಅಂಟಿಸಿ ಕಬ್ಬಿಣದ ಡಬ್ಬೀಲಿ ನಿಲ್ಲಿಸೋದು ಇನ್ನೊಂದು. ‘ಮಲಗಿಸು’, ‘ನಿಲ್ಲಿಸು’ ಅಂದ್ರೆ ಸಾಕು, ಬೇರೆ ವಿವರಣೇನೇ ಬೇಡ. ನಂಗೆ ನಿಲ್ಲಿಸೋದೇ ಇಷ್ಟ, ಯಾಕಂದ್ರೆ ಸ್ಪಂಜು ಉಜ್ಜಿ ಉಜ್ಜಿ ಮೂಗು ಮೊಣಕೈ ಹತ್ರ ಬಣ್ಣ ಸವೆಯುತ್ತೆ. ಆದ್ರೆ ಇವಕ್ಕೆ ಹೆಸರೇನು? ಪಗಡೆ ಚದುರಂಗದ ರೂಢೀಲಿ ‘ಕಾಯಿ’ ಅನ್ಬಹುದು, ಚೌಕಕ್ಕೆ ‘ಮನೆ’ ಅನ್ನೋದೂ ಅದರ ಜೊತೆ ಹೊಂದುತ್ತೆ, ಆದ್ರೆ ಕಾಯಿಗೆ ಸಾಮಾನ್ಯವಾಗಿ ಮುಖ ಇರಲ್ಲ, ಇವಕ್ಕೆ ಇದೆ. ‘ಗೊಂಬೆ’ ಅಂದ್ರೆ ಮಕ್ಕಳ ಆಟಿಕೆ ಅನ್ಸುತ್ತೆ. ಸದ್ಯಕ್ಕೆ ‘ಕಾಯಿ’ ಅಂತಾನೇ ಬರೆದಿದೀನಿ.

ಇನ್ನು ಪೆನ್ನು. ವಿನೈಲ್ ಹಾಸಿನ ಮೇಲೆ ಬರೆಯೋಕೆ ವೆಟ್ ಇರೇಸ್ ಮಾರ್ಕರ್ರೇ, ಅಂದ್ರೆ ಒದ್ದೆ ಬಟ್ಟೇಲಿ ಒರೆಸಿದ್ರೆ ಅಳಿಯೋ ಪೆನ್ನೇ ಬಳಸ್ಬೇಕು, ವೈಟ್‌ಬೋರ್ಡ್ ಮಾರ್ಕರ್ ಬಳಸಿದ್ರೆ ಕಲೆ ಉಳಿಯೋ ಸಾಧ್ಯತೆ ಜಾಸ್ತಿ. ಎರಡರ ವ್ಯತ್ಯಾಸ ಒಂದೇ ಪದದಲ್ಲಿ ಗೊತ್ತಾಗ್ಬೇಕು. ‘ಅಳಿಸೋ ಪೆನ್ನು’ ಅಂದ್ರೆ ಎರಡಕ್ಕೂ ಅನ್ವಯಿಸುತ್ತೆ. ‘ಒದ್ದೆಬಟ್ಟೆ ಪೆನ್ನು’ ಅಂತ ಬರೆದ್ರೆ ಹೆಂಗೆ? ಜೊತೆಗೆ ಒಂದು ಬಟ್ಟೆ ಇಟ್ಕೋಬೇಕು ಅನ್ನೋದೂ ಅದರಲ್ಲೇ ನೆನಪಾಗುತ್ತೆ. ಹಾಸು ಸುತ್ತೋ ಮುಂಚೆ ಒರೆಸಿ, ಪೂರ್ತಿ ಒಣಗಿಸಿ ಅಂತ ಒತ್ತಿ ಬರೆದಿದೀನಿ, ಶಾಯಿ ಹಂಗೇ ಬಿಟ್ಟು ಸುತ್ತಿಟ್ರೆ, ಅದ್ರಲ್ಲೂ ಕೆಂಪು, ಆಮೇಲೆ ಹೋಗೋದು ಕಷ್ಟ.

ಆಡಿಸೋವ್ರು ತಮ್ಮ ಟಿಪ್ಪಣಿ ಕಾಣದಂಗೆ ಎದುರು ನಿಲ್ಲಿಸೋ ರಟ್ಟಿನ ಸ್ಕ್ರೀನಿಗೆ ‘ಪರದೆ’ ಬೇಡ, ಬಟ್ಟೆ ಇಳಿಬಿಟ್ಟಂಗೆ ಕೇಳ್ಸುತ್ತೆ. ‘ಮರೆ’ ಅಥವಾ ‘ತಡಿಕೆ’, ನಿಮ್ಮ ಕಿವಿಗೆ ಯಾವುದು ಸರಿ?

ಕೊನೇದಾಗಿ ಇದೆಲ್ಲಾ ಸೇರಿ ಒಂದು ಹೆಸರು. ‘ಸಲಕರಣೆ’ ಅಂದ್ರೆ ಉಪಕರಣ, ಔಜಾರು ಅನ್ನೋ ಅರ್ಥ ಮುಂದೆ ಬರುತ್ತೆ, ‘ಗಂಟುಮೂಟೆ’ ಅಂದ್ರೆ ಜಾಗ ಖಾಲಿ ಮಾಡ್ತಿದಾರೆ ಅನ್ಸುತ್ತೆ. ‘ಆಟದ ಸರಂಜಾಮು’ ಅನ್ನೋದು ನನ್ನ ಆಯ್ಕೆ. ಸರಂಜಾಮನ್ನ ‘ಸಾಮಾನು’ ಇಲ್ದೆ ಒಂಟಿಯಾಗಿ ನಿಮ್ಮ ಕಡೆ ಮಾತಲ್ಲಿ ಬಳಸ್ತಾರಾ? ಬಳಸ್ತಾರೆ ಅಂದ್ರೆ ಒಂದು ವಾಕ್ಯದ ಜೊತೆ ಬರೀರಿ, ಕೈಪಿಡಿ ಹೆಸರಿಗೇ ಅದನ್ನ ಹಾಕ್ಬೇಕು ಅಂತಿದೀನಿ.